ಬೀರಯ್ಯನ ಉಸಿರು, ಸಾಕಮ್ಮನ ಬೆಟ್ಟ

ನನ್ನ ಕೆಲಸದ ಬಹುಪಾಲು ವರ್ಷಗಳು ಮಂಡಿ, ಸೊಂಟ, ಹೆಗಲುಗಳ ಜೊತೆಯಲ್ಲೇ ಕಳೆದವು. ಫಿಸಿಯೋಥೆರಪಿ ಎಂದರೆ ಜನರಿಗೂ ಅಷ್ಟೇ ಗೊತ್ತಿತ್ತು. ಬಿದ್ದು ಕಾಲು ಮುರಿದುಕೊಂಡವರು, ಲಕ್ವ ಹೊಡೆದವರು, ಕೈ ಮೇಲೆತ್ತಲಾಗದವರು ಬರುತ್ತಾರೆ. ಈಯಮ್ಮ ಎಳೆದು, ಬಗ್ಗಿಸಿ, ನಡೆಸಿ ಕಳಿಸುತ್ತಾಳೆ. ರಾಮನಗರದಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ನನ್ನ ಕೋಣೆ ಕಟ್ಟಡದ ಕಟ್ಟಕಡೆಗಿತ್ತು. ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಗೋಡೆಗೊಂದು ನಿಲುವುಗನ್ನಡಿ, ಒಂದು ಮಂಚ, ನಿಂತಲ್ಲೇ ತುಳಿಯುವ ಒಂದು ಹಳೆಯ ಸೈಕಲ್. ರೇಷ್ಮೆ ನೂಲು ಬಿಚ್ಚುವ ಹೆಂಗಸರಿಗೆ ಮಣಿಕಟ್ಟು, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರಿಗೆ ಕುತ್ತಿಗೆ, ಬಸ್ ಡ್ರೈವರುಗಳಿಗೆ ಸೊಂಟ. ಯಾರ ನೋವು ಎಲ್ಲಿ ಎಂದು ಅವರ ಕಸುಬು ಕೇಳಿದರೇ ಹೇಳಬಹುದಾಗಿತ್ತು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗ ಅದನ್ನೆಲ್ಲ ಕೇಳುವುದಿಲ್ಲ. ಅವರು ಕೇಳುವುದು ಉಸಿರಿನ ವಿಚಾರ. ನಿವೃತ್ತಿಗೆ ಮುಂಚಿನ ಕೆಲವೇ ವರ್ಷ ನಾನು ಆ ಕೆಲಸ ಮಾಡಿದ್ದು. ಆದರೆ ಹಿಂದಿನ ಅಷ್ಟೂ ವರ್ಷಗಳಲ್ಲಿ ಕಲಿಯದ್ದನ್ನು ಆ ಕೊನೆಯ ಭಾಗದಲ್ಲಿ ಕಲಿತೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊರೊನಾದ ಎರಡನೇ ಅಲೆ ಇಳಿದ ಮೇಲೆ ನನ್ನ ಕೋಣೆಗೆ ಬೇರೆಯೇ ಥರದ ಜನ ಬರತೊಡಗಿದರು. ಅವರಿಗೆ ಎಲ್ಲೂ ನೋವಿರಲಿಲ್ಲ. ಜ್ವರ ಬಿಟ್ಟಿತ್ತು, ಪರೀಕ್ಷೆಯಲ್ಲಿ ರೋಗ ಇಲ್ಲವೆಂದು ಬಂದಿತ್ತು, ಮನೆಯವರು ಹರಕೆಯನ್ನೂ ತೀರಿಸಿ ಆಗಿತ್ತು. ಆದರೆ ಬಾಗಿಲಿನಿಂದ ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಅವರ ಉಸಿರು ಮುಗಿದುಹೋಗುತ್ತಿತ್ತು.

ಅವರನ್ನೆಲ್ಲ ಕಳಿಸುತ್ತಿದ್ದವರು ವಿಶ್ವನಾಥ್ ಡಾಕ್ಟರು. ಎದೆರೋಗದ ತಜ್ಞರು. ಮಾತು ಕಡಿಮೆ, ಟೀಯನ್ನೂ ನಿಂತೇ ಕುಡಿಯುವ ಮನುಷ್ಯ. ಒಂದು ಮಧ್ಯಾಹ್ನ ಅವರೇ ನನ್ನ ಕೋಣೆಗೆ ಬಂದರು.

"ಇವರಿಗೆ ಕೊಡೋ ಔಷಧಿ ನನ್ನ ಹತ್ರ ಹೆಚ್ಚುಕಡಿಮೆ ಮುಗೀತು. ಇನ್ನು ಉಳಿದಿರೋದು ನಡಿಗೆ. ಅದು ನಿಮ್ಮ ಕೆಲಸ" ಎಂದರು.

"ಸಾರ್, ಉಸಿರೇ ಇಲ್ಲದೋರನ್ನ ಹೇಗೆ ನಡೆಸೋದು?"

"ಉಸಿರು ಬಂದ ಮೇಲೆ ನಡೀತೀನಿ ಅಂತ ಕೂತೋರಿಗೆ ಉಸಿರು ಬರೋದೇ ಇಲ್ಲ" ಎಂದರು.

ಆಮೇಲೆ ಎಂದೂ ಇಲ್ಲದಂತೆ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಬಿಗಿಯುತ್ತದಲ್ಲ, ಈ ರೋಗ ಜೋರಾಗಿ ಬಂದವರ ಶ್ವಾಸಕೋಶದ ಒಳಗೂ ಹಾಗೆಯೇ. ಅಗಲಬೇಕಾದದ್ದು ಅಗಲುವುದಿಲ್ಲ. ಕೆಲವರಲ್ಲಿ ಆ ಬಿಗಿ ತಿಂಗಳು ಕಳೆದಂತೆ ತಾನಾಗಿ ಸಡಿಲವಾಗುತ್ತದೆ, ಕೆಲವರಲ್ಲಿ ಕಲೆ ಉಳಿಯುತ್ತದೆ. ಯಾರಲ್ಲಿ ಏನಾಗುತ್ತದೆಂದು ಮೊದಲೇ ಹೇಳಲಾಗದು. ಇದರ ಜೊತೆಗೆ ವಾರಗಟ್ಟಲೆ ಮಲಗಿದ್ದರಿಂದ ತೊಡೆ, ತೋಳು, ಬೆನ್ನಿನ ಮಾಂಸವೆಲ್ಲ ಕರಗಿಹೋಗಿರುತ್ತದೆ. ಸೋತ ಕಾಲು ಅದೇ ಕೆಲಸಕ್ಕೆ ಹೆಚ್ಚು ಗಾಳಿ ಕೇಳುತ್ತದೆ. "ಶ್ವಾಸಕೋಶನ ನೀವು ರಿಪೇರಿ ಮಾಡಕ್ಕಾಗಲ್ಲ. ಅದು ಕೊಡೋ ಗಾಳೀಲಿ ಮೈ ದುಡಿಯೋ ಹಾಗೆ ಮಾಡಬಹುದು" ಎಂದು ಹೇಳಿ ಎದ್ದು ಹೋದರು.

ಬೀರಯ್ಯ ಬಂದದ್ದು ಆ ಸಮಯದಲ್ಲೇ. ಮಾಗಡಿ ತಾಲ್ಲೂಕಿನಲ್ಲಿ ಕಲ್ಯದ ಕಡೆಯ ಹಳ್ಳಿಯವನು, ಕುರಿ ಸಾಕುವ ಮನೆ. ಎತ್ತರದ ಆಳು. ಲಗೇಜ್ ಆಟೋದಿಂದ ಅವನನ್ನು ಇಳಿಸಿಕೊಂಡು ಬಂದವಳು ಹೆಂಡತಿ ಸಾಕಮ್ಮ. ಒಂದು ಕೈಯಲ್ಲಿ ಗಂಡನ ರಟ್ಟೆ, ಇನ್ನೊಂದು ಕೈಯಲ್ಲಿ ಆಕ್ಸಿಜನ್ ಸಿಲಿಂಡರು. ಮೂಗಿಗೆ ಕೊಳವೆ, ಬೆರಳಿಗೆ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪು. ಅವನು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಆ ಕ್ಲಿಪ್ಪನ್ನೇ ನೋಡುತ್ತಿದ್ದ. ಅಂಕಿ ಒಂದು ಇಳಿದರೆ ಕಣ್ಣು ಅಗಲವಾಗುತ್ತಿತ್ತು, ಕಣ್ಣು ಅಗಲವಾದರೆ ಉಸಿರು ಇನ್ನೂ ಹೆಚ್ಚಾಗುತ್ತಿತ್ತು.

"ವೆಂಟಿಲೇಟರ್‌ನಾಗೆ ಇಕ್ಕಿದ್ರು ಕಣವ್ವ. ವಾಪಸ್ ಬರಾಕಿಲ್ಲ ಅಂದ್ಬುಟ್ಟಿದ್ರು" ಎಂದಳು ಸಾಕಮ್ಮ. "ಈಗ ಮನೇಲಿ ಗಾಳಿ ಮಿಸೀನ್ ಐತೆ. ಕರೆಂಟ್ ಓದ್ರೆ ನಂಗೇ ಉಸ್ರು ನಿಂತಂಗಾಯ್ತದೆ."

ಬೀರಯ್ಯ ಏನೋ ಹೇಳಲು ಬಾಯಿ ತೆರೆದ. "ಕುರಿ..." ಎಂದ, ಗಾಳಿ ಎಳೆದುಕೊಂಡ, "...ಇಂದೆ..." ಎಂದ, ಮತ್ತೆ ಎಳೆದುಕೊಂಡ. ಮಾತು ಮುಗಿಸಲಾಗಲಿಲ್ಲ. ಸಾಕಮ್ಮನೇ ಪೂರ್ತಿ ಮಾಡಿದಳು. "ಕುರಿ ಇಂದೆ ದಿನಾ ಬೆಟ್ಟ ಅತ್ತಿ ಇಳೀತಿದ್ದೋನು ಅಂತವ್ನೆ."

ಸಾಕಮ್ಮ ಚೀಲದಿಂದ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ನನ್ನ ಮುಂದೆ ಇಟ್ಟಳು. ಆಗ ಎಲ್ಲರ ಮನೆಯಲ್ಲೂ ಅದು ಇತ್ತು. ಮುಂದೆ ಒಂದು ಕೊಳವೆ, ಒಳಗೆ ಬಣ್ಣದ ಚೆಂಡುಗಳು. ಉಸಿರಿನ ಜೋರಿಗೆ ಚೆಂಡು ಮೇಲೇಳಬೇಕು.

"ಊದಿ ಊದಿ ಸಾಕಾಗೋಯ್ತು. ಒಂದು ಚೆಂಡೂ... ಏಳಾಕಿಲ್ಲ" ಎಂದ ಬೀರಯ್ಯ.

"ಊದ್ತೀರಾ?"

"ಮತ್ತೇನ್ ಮಾಡಾನ? ಪೀಪಿ ಅಲ್ವಾ?"

"ಅದು ಊದೋದಲ್ಲ ಬೀರಯ್ಯ, ಹೀರೋದು. ಎಳನೀರು ಹೀರ್ತೀರಲ್ಲ, ಹಾಗೆ."

ಅವನು ಡಬ್ಬಿಯನ್ನೂ ನನ್ನನ್ನೂ ಒಂದು ಸಲ ನೋಡಿ, ಕೊಳವೆ ಬಾಯಿಗಿಟ್ಟುಕೊಂಡು ಹೀರಿದ. ಒಂದು ಚೆಂಡು ಅಲುಗಾಡಿ ಅರ್ಧಕ್ಕೆ ಎದ್ದು ಬಿತ್ತು. ಹೆಂಡತಿಯ ಕಡೆ ತಿರುಗಿ, "ಕಂಡೇನಮ್ಮಿ? ಇಷ್ಟ್ ದಿವ್ಸ... ಉಲ್ಟಾ ಊದಿವ್ನಿ" ಎಂದ. ಸಾಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲೆಂದು ಬಹಳ ದಿನಗಳ ಮೇಲೆ ನನಗೆ ಹೇಳಿದಳು.

ಅಂದಿನಿಂದ ನಾನು ಯಾರಿಗೆ ಯಾವ ಸಾಮಾನು ಕೊಟ್ಟರೂ ಅವರು ಬಳಸುವುದನ್ನು ಕಣ್ಣಾರೆ ನೋಡದೆ ಕಳಿಸಲಿಲ್ಲ. ಬೀರಯ್ಯನಂತೆ ಉಲ್ಟಾ ಊದುತ್ತಿದ್ದವರು ಬೇಕಾದಷ್ಟು ಜನ ಸಿಕ್ಕರು. ಓದಿದವರೂ ಇದ್ದರು, ಓದದವರೂ ಇದ್ದರು.

ಡಬ್ಬಿಯನ್ನು ಪಕ್ಕಕ್ಕಿಡಿಸಿದೆ. ಮೊದಲು ಕಲಿಸಿದ್ದು ಉಸಿರು ಬಿಡುವುದನ್ನು. ಉಸಿರು ಸಾಲದವರು ಸುಮ್ಮನೆ ಒಳಗೆ ಎಳೆಯುತ್ತಲೇ ಇರುತ್ತಾರೆ, ಬಿಡುವುದನ್ನು ಮರೆತಿರುತ್ತಾರೆ. ಬಿಸಿ ಕಾಫಿ ಆರಿಸುವ ಹಾಗೆ ತುಟಿ ಸಣ್ಣಗೆ ಮಾಡಿ ನಿಧಾನಕ್ಕೆ ಬಿಡಿ ಎಂದೆ. ಕಂಬಿ ಹಿಡಿಸಿ ಕುರ್ಚಿಯಿಂದ ಎಬ್ಬಿಸಿದೆ, ಕೂರಿಸಿದೆ, ಮತ್ತೆ ಎಬ್ಬಿಸಿದೆ. ಕನ್ನಡಿಯವರೆಗೆ ನಡೆಸಿದೆ. ಸಿಲಿಂಡರು ಹಿಡಿದು ಸಾಕಮ್ಮ ಹಿಂದೆ ಬಂದಳು. ಆ ದಿನಕ್ಕೆ ಅಷ್ಟೇ. ವಾರಕ್ಕೊಮ್ಮೆ ಬರಲು ಹೇಳಿದೆ. ಮಿಕ್ಕ ದಿನ ಮನೆಯಂಗಳದಲ್ಲಿ ನಡೆಯಬೇಕು.

ಹಾಗೆ ವಾರಕ್ಕೊಮ್ಮೆ ಬರುವವರ ಒಂದು ಗುಂಪೇ ಆಯಿತು. ಅದರಲ್ಲಿ ಚನ್ನಪಟ್ಟಣದ ಉರ್ದು ಶಾಲೆಯ ಟೀಚರ್ ನಸೀಮಾ ಇದ್ದರು. ಬೀರಯ್ಯನ ಕಥೆಗೆ ಅವರದು ಪೂರ್ತಿ ಉಲ್ಟಾ. ಅವರಿಗೂ ರೋಗ ಜೋರಾಗಿಯೇ ಬಂದಿತ್ತು, ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಆದರೆ ಆಮೇಲೆ ತೆಗೆದ ಎಕ್ಸ್‌ರೇ ಚಿತ್ರಗಳಲ್ಲಿ ಶ್ವಾಸಕೋಶ ತಿಳಿಯಾಗಿತ್ತು. ಯಂತ್ರಕ್ಕೆ ಊದಿಸಿ ನೋಡಿದರೆ ಅಂಕಿಗಳೆಲ್ಲ ಸರಿ. ಕ್ಲಾಸಿನಲ್ಲಿ ಪಾಠ ಗಟ್ಟಿಯಾಗಿ ಓದಲು ನಿಂತರೆ ಮಾತ್ರ ನಾಲ್ಕನೇ ಸಾಲಿಗೆ ದನಿ ಕಟ್ಟಿಹೋಗುತ್ತಿತ್ತು.

"ಮೇಡಂ, ಎಲ್ಲಾ ನಾರ್ಮಲ್ ಅಂತ ಬರೆದುಕೊಟ್ಟಿದ್ದಾರೆ. ಮನೇಲಿ ಕೆಲಸ ತಪ್ಪಿಸಿಕೊಳ್ಳಕ್ಕೆ ಬಹಾನಾ ಮಾಡ್ತಾಳೆ ಅಂತಾರೆ. ಒಂದೊಂದು ಸಲ ನನಗೂ ಹಾಗೇ ಅನ್ಸುತ್ತೆ, ನಾನೇ ನಾಟಕ ಆಡ್ತಿದ್ದೀನೇನೋ ಅಂತ" ಎಂದು ಬಂದ ದಿನವೇ ಕಣ್ಣೀರು ಹಾಕಿದರು.

ನಾನು ವಿಶ್ವನಾಥ್ ಡಾಕ್ಟರನ್ನು ಕೇಳಿದೆ. ಅವರು ನಸೀಮಾರನ್ನು ಕೂರಿಸಿ ಒಂದು ಪುಟ ಓದಲು ಹೇಳಿ, ಸುಮ್ಮನೆ ನೋಡುತ್ತಾ ನಿಂತರು. ಓದುವಾಗ ಆಕೆಯ ಹೆಗಲು ಕಿವಿಗೆ ತಾಗುವಷ್ಟು ಮೇಲೇಳುತ್ತಿತ್ತು, ಹೊಟ್ಟೆ ಅಲುಗುತ್ತಲೇ ಇರಲಿಲ್ಲ. "ಕಾಯಿಲೆ ಇದ್ದಾಗ ಹೆದರಿಕೇಲಿ ಹೀಗೆ ಉಸಿರಾಡಿದ್ದೀರಿ. ಕಾಯಿಲೆ ಹೋಯ್ತು, ಮೈಗೆ ಆ ರೂಢಿ ಹೋಗಿಲ್ಲ. ಮೈಯಲ್ಲಿ ಶಕ್ತೀನೂ ತುಂಬಿಕೊಂಡಿಲ್ಲ. ಯಂತ್ರ ಶ್ವಾಸಕೋಶನ ಅಳೆಯುತ್ತೆ, ನಿಮ್ಮ ಸುಸ್ತನ್ನ ಅಳೆಯಲ್ಲ. ನೀವು ನಾಟಕ ಆಡ್ತಿಲ್ಲ" ಎಂದರು. ನಸೀಮಾ ಮತ್ತೆ ಅತ್ತರು, ಆದರೆ ಆ ಅಳು ಬೇರೆ.

ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಂಕಿ ಸರಿಯಿದ್ದು ಮನುಷ್ಯ ಸರಿಯಿಲ್ಲದೆ ಇರಬಹುದು. ಅಂಕಿ ಸರಿಯಿಲ್ಲದೆ ಮನುಷ್ಯ ಚೆನ್ನಾಗಿ ಬಾಳುತ್ತಿರಲೂಬಹುದು. ಕಾಗದವನ್ನು ನೋಡುವ ಮೊದಲು, "ಮನೇಲಿ ಏನೇನು ಮಾಡಕ್ಕಾಗ್ತಿಲ್ಲ?" ಎಂದು ಕೇಳಬೇಕು.

ನಮ್ಮ ಗುಂಪಿನ ಸುದ್ದಿ ಮೇಲಿನವರಿಗೂ ಮುಟ್ಟಿತು. ಒಂದು ದಿನ ಪರಿಶೀಲನೆಗೆಂದು ಒಬ್ಬ ಅಧಿಕಾರಿ ಬಂದರು. ಅವರಿಗೆ ಚಿತ್ರ ಬೇಕಿತ್ತು. ಎಲ್ಲಿಂದಲೋ ಬಣ್ಣ ಬಣ್ಣದ ಬಲೂನು ತರಿಸಿ, ಎಲ್ಲರೂ ಒಟ್ಟಿಗೆ ಊದಲಿ ಎಂದರು. ನಾನು, "ಸಾರ್, ಇವರಿಗೆ ಇದು ಆಗಿಬರೋಲ್ಲ" ಎಂದೆ. "ಒಂದೇ ಒಂದು ಫೋಟೋ ಅಮ್ಮ" ಎಂದರು. ಹತ್ತು ಜನರ ಮುಂದೆ ಸೋಲಬಾರದೆಂದು ಬೀರಯ್ಯ ಕೆನ್ನೆಯುಬ್ಬಿಸಿ ಊದಿದ. ಬಲೂನು ನಿಂಬೆಹಣ್ಣಿನಷ್ಟಾಗುವಾಗಲೇ ಕಣ್ಣು ಮೇಲೆ ಹೋಗಿ, ಕುರ್ಚಿಯಿಂದ ಜಾರಿದ. ನಸೀಮಾ ಪಕ್ಕದಲ್ಲಿದ್ದು ಹಿಡಿದುಕೊಂಡದ್ದರಿಂದ ತಲೆ ನೆಲಕ್ಕೆ ಬಡಿಯಲಿಲ್ಲ. ವಿಶ್ವನಾಥ್ ಡಾಕ್ಟರು ಓಡಿಬಂದು ಅವನನ್ನು ಸುಧಾರಿಸಿ, ಕೈ ಒರೆಸಿಕೊಂಡು, ಆ ಅಧಿಕಾರಿಯ ಕಡೆ ತಿರುಗಿದರು. ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ಶಾಂತವಾಗಿ, "ಸಾರ್, ಫೋಟೋಗೆ ನಾನು ಊದ್ತೀನಿ, ನೀವೂ ಊದಿ. ಇವರು ಕೂತಿರಲಿ" ಎಂದರು. ಇಬ್ಬರೂ ಊದಿದರು. ಆ ಫೋಟೋ ಎಲ್ಲೂ ಬಂದದ್ದನ್ನು ನಾನು ನೋಡಲಿಲ್ಲ.

ಬೀರಯ್ಯನ ಮೂಗಿನ ಕೊಳವೆ ಬಿಡಿಸಿದ್ದು ದೊಡ್ಡ ಕೆಲಸ. ಕೂತಾಗ ಅವನಿಗೆ ಅದು ಬೇಡವೆಂದು ಡಾಕ್ಟರಿಗೆ ಖಾತ್ರಿಯಾಗಿತ್ತು. ಆದರೆ ಸಿಲಿಂಡರಿನ ತಿರುಪಿಗೆ ನಾನು ಕೈ ಹಾಕಿದರೆ ಸಾಕು, ಬೀರಯ್ಯ ಏದತೊಡಗುತ್ತಿದ್ದ. ಅವನಿಗೆ ತಿಳಿಯದಂತೆ ನಿಲ್ಲಿಸಿಬಿಡಬಹುದಿತ್ತು. ಡಾಕ್ಟರು ಬೇಡವೆಂದರು. "ಒಂದು ಸಲ ಮೋಸ ಮಾಡಿದ್ರೆ ನಾಳೆ ನೀವು ನಡೀರಿ ಅಂದಾಗ ನಂಬಲ್ಲ." ಅದಕ್ಕೇ ಹೇಳಿಯೇ ಮಾಡಿದೆವು. ನಾನು ಅವನ ಬೆರಳಿನ ಕ್ಲಿಪ್ಪನ್ನು ತೆಗೆದು ನನ್ನ ಕಡೆ ತಿರುಗಿಸಿ ಹಾಕಿದೆ.

"ನಂಬರು ನಾನು ನೋಡ್ಕೋತೀನಿ. ನೀವು ಸಾಕಮ್ಮನ್ನ ನೋಡಿ. ಗಾಳಿ ನಿಲ್ಲಿಸ್ತಾ ಇದ್ದೀನಿ."

ಅವನು ಹೆಂಡತಿಯ ಮುಖವನ್ನೇ ನೋಡುತ್ತಾ ಕೂತ. ಬೆವರು ಇಳಿಯಿತು. ಸಾಕಮ್ಮ ಮಾತಾಡುತ್ತಲೇ ಹೋದಳು. ಯಾವ ಕುರಿ ಯಾವ ಮರಿ ಹಾಕಿತು, ಯಾವುದು ಕುಂಟುತ್ತಿದೆ, ಗುಡೇಮಾರನಹಳ್ಳಿಯಿಂದ ಬಂದ ನೆಂಟರು ಏನಂದರು. ಸ್ವಲ್ಪ ಹೊತ್ತು ಕಳೆದ ಮೇಲೆ ಬೀರಯ್ಯ ಅವಳ ಮಾತಿಗೆ ಅಡ್ಡ ಬಾಯಿ ಹಾಕಿ, "ಲೇ, ಆ ಕುಂಟೋದಕ್ಕೆ ಗೊರಸು ನೋಡ್ದೇನು? ಮುಳ್ಳು ಮುರಿದಿರ್ತದೆ" ಎಂದ. ಇಡೀ ಮಾತನ್ನು ನಡುವೆ ಉಸಿರು ಎಳೆಯದೆ ಹೇಳಿದ್ದ. ತಾನೇ ಬೆರಗಾಗಿ ನನ್ನ ಕಡೆ ನೋಡಿದ. "ಗಾಳಿ ಬಂದ್ ಆಗಿ ಬಹಳ ಹೊತ್ತಾಯ್ತು" ಎಂದೆ.

ಅಲ್ಲಿಂದ ಒಳ್ಳೆಯ ಕಾಲ ಶುರುವಾಯಿತು. ಕೆಲವು ತಿಂಗಳಲ್ಲಿ ನಡೆಯುವಾಗಲೂ ಸಿಲಿಂಡರು ಬೇಡವಾಯಿತು. ಬಾಡಿಗೆಗೆ ತಂದಿದ್ದ ಗಾಳಿ ಮಿಷನ್ನು ಹಿಂದಕ್ಕೆ ಹೋಯಿತು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಎಷ್ಟು ದೂರ ಹೋದರೆಂದು ನೋಡುವ ಪರೀಕ್ಷೆಯೊಂದಿದೆ. ಪ್ರತಿ ಸಲವೂ ಬೀರಯ್ಯ ಹಿಂದಿನ ಸಲಕ್ಕಿಂತ ಮುಂದೆ ಹೋಗಿ ನಿಲ್ಲುತ್ತಿದ್ದ. ಮಾಗಡಿಯಿಂದ ಬಸ್ಸಿನಲ್ಲೇ ಬರತೊಡಗಿದ. ಆಮೇಲೆ ಒಂದು ಹಂತಕ್ಕೆ ಬಂದು ಆ ಸುಧಾರಣೆ ನಿಂತಿತು. ತಿಂಗಳು ಕಳೆದರೂ ಅಷ್ಟೇ ದೂರ, ಅದೇ ಕಂಬದ ಹತ್ತಿರ. ಅವನಿಗೆ ಅದನ್ನು ಸಹಿಸಲಾಗಲಿಲ್ಲ.

ಅವನು ಮಲಗಿದಾಗಿನಿಂದ ಕುರಿಗಳ ಹಿಂದೆ ಹೋಗುತ್ತಿದ್ದವಳು ಸಾಕಮ್ಮ. ಊರಲ್ಲಿ ಮಾತು ಹುಟ್ಟಿತ್ತು. ಗಂಡ ನೆರಳಲ್ಲಿ ಕೂತವ್ನೆ, ಹೆಂಡ್ತಿ ಬೆಟ್ಟದಲ್ಲವ್ಳೆ. ಬೀರಯ್ಯನ ತಮ್ಮ ಕೆಂಪಯ್ಯ ಒಳ್ಳೆಯವನೇ. ಅವನು ಅಣ್ಣನಿಗೆ, "ಕುರಿ ಕೊಟ್ಬುಡಾನ ಕಣಣ್ಣ. ಅತ್ತಿಗೆ ಒಬ್ಳೇ ಎಷ್ಟೂ ಅಂತ ಅಲೀತಾಳೆ? ನನ್ ಜೊತೆ ಹಾರೋಹಳ್ಳಿ ಫ್ಯಾಕ್ಟರಿಗೆ ಬಾ, ಗೇಟ್ ಕಾಯೋ ಕೆಲ್ಸ ಕೊಡುಸ್ತೀನಿ" ಎಂದಿದ್ದ. ಆ ಮಾತು ಬೀರಯ್ಯನ ಎದೆಗೆ ನಾಟಿತ್ತು. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲ ಕುರಿಯ ಹಿಂದೆಯೇ ಬಾಳಿದವರು.

ಎರಡು ವಾರ ಅವನು ಬರಲಿಲ್ಲ. ಮೂರನೇ ವಾರ ಆಂಬುಲೆನ್ಸಿನಲ್ಲಿ ಬಂದ.

ಸಾಕಮ್ಮ ಮಾವಿನ ತೋಪಿನ ಕಡೆ ಸೊಪ್ಪು ತರಲು ಹೋಗಿದ್ದಾಗ, ಅವನು ಬೆಳಗ್ಗೆಯೇ ದೊಡ್ಡಿಯ ಬಾಗಿಲು ತೆಗೆದು ಕುರಿಗಳನ್ನು ಹೊಡೆದುಕೊಂಡು ಒಬ್ಬನೇ ಬೆಟ್ಟ ಹತ್ತಿದ್ದ. ಅರ್ಧ ದಾರಿಯಲ್ಲಿ ಒಂದು ಬಂಡೆಗೆ ಒರಗಿ ಕೂತವನು ಏಳಲಾಗಲಿಲ್ಲ. ಕುರಿಗಳು ಸುತ್ತಲೂ ಮೇಯುತ್ತಿದ್ದವು. ಹಿಂದಿರುಗಿ ಬಂದ ಸಾಕಮ್ಮ ದೊಡ್ಡಿ ಖಾಲಿ ಇರುವುದನ್ನು ನೋಡಿ ಬೆಟ್ಟಕ್ಕೆ ಓಡಿದಳು. ಅವನ ತುಟಿ ನೀಲಿಯಾಗಿತ್ತಂತೆ. ಕೆಂಪಯ್ಯನನ್ನೂ ಅಕ್ಕಪಕ್ಕದ ಹೊಲದವರನ್ನೂ ಕೂಗಿ ಕರೆದು, ಕಂಬಳಿಯಲ್ಲಿ ಹೊತ್ತು ಇಳಿಸಿದ್ದರು.

ಜೀವಕ್ಕೆ ಅಪಾಯವಾಗಲಿಲ್ಲ. ಕೆಲವು ದಿನ ವಾರ್ಡಿನಲ್ಲಿದ್ದ. ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿಸಿದರು. ಅದು ಬಂದ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಬೀರಯ್ಯನ ಮಂಚದ ಹತ್ತಿರ ಹೋದರು. ಸಾಕಮ್ಮ ಕಾಲ ಬಳಿ ಕೂತಿದ್ದಳು.

"ಬೀರಯ್ಯ, ನಿಜ ಹೇಳ್ತೀನಿ. ಶ್ವಾಸಕೋಶದ ಕೆಳಭಾಗದಲ್ಲಿ ಕಲೆ ಉಳಿದಿದೆ. ಮೊದಲಿಗಿಂತ ಎಷ್ಟೋ ಕಡಿಮೆಯಾಗಿದೆ. ಇನ್ನೂ ಒಂದಿಷ್ಟು ಸುಧಾರಿಸಬಹುದು. ಆದ್ರೆ ಪೂರ್ತಿ ಹೋಗುತ್ತೆ ಅಂತ ನನಗೆ ಅನ್ಸಲ್ಲ. ಬಯಲಲ್ಲಿ ನಡೀರಿ, ಎಷ್ಟು ಬೇಕಾದ್ರೂ ನಡೀರಿ. ಬೆಟ್ಟ ಬೇಡ."

"ಯಾವತ್ತೂ?"

"ಈಗ ನನಗೆ ಕಾಣೋ ಮಟ್ಟಿಗೆ, ಬೇಡ."

ಬೀರಯ್ಯ ಗೋಡೆಯ ಕಡೆ ಮುಖ ತಿರುಗಿಸಿದ. "ಅಂಗಾದ್ರೆ ಉಳ್ಸಿ ಏನ್ ಬಂತು ಸ್ವಾಮಿ?" ಎಂದ.

ನನ್ನ ವೃತ್ತಿಯಲ್ಲಿ ಆ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಕಾಲು ಹೋದವರು ಕೇಳಿದ್ದಾರೆ, ಲಕ್ವ ಹೊಡೆದವರು ಕೇಳಿದ್ದಾರೆ. ಪುಸ್ತಕದಲ್ಲಿ ಓದಿದ ಸಮಾಧಾನದ ಮಾತುಗಳು ನಾಲಿಗೆಯ ತುದಿಗೆ ಬಂದಿದ್ದವು. ಡಾಕ್ಟರು ಸಣ್ಣಗೆ ಕೈ ಎತ್ತಿ ನನ್ನನ್ನು ತಡೆದರು. ಸಾಕಮ್ಮ ಎದ್ದು ಮಂಚದ ಆ ಕಡೆಗೆ, ಅವನು ಮುಖ ತಿರುಗಿಸಿದ್ದ ಕಡೆಗೆ ಹೋಗಿ ನಿಂತಳು.

"ನೀನು ಆ ಮಿಸೀನ್‌ನಾಗೆ ಮಲಗಿದ್ದಾಗ ನಾನು ದ್ಯಾವ್ರತಾವ ಬೆಟ್ಟ ಅತ್ತೋ ಗಂಡನ್ನ ಕೊಡು ಅಂತ ಕೇಳ್ನಿಲ್ಲ" ಎಂದಳು. "ಗಂಡನ್ನ ಕೊಡು ಅಂದೆ. ಕೊಟ್ಟವ್ನೆ. ಇನ್ನೇನ್ ಬೇಕು ನಿಂಗೆ?"

ಬೀರಯ್ಯ ಕಣ್ಣು ಮುಚ್ಚಿಕೊಂಡ. ಅವಳು ಬಿಡಲಿಲ್ಲ.

"ಬೆಟ್ಟ ನಂಗೇನ್ ಬಾರ ಅಲ್ಲ. ಒಸಿ ದಿವ್ಸ ಕಾಲು ನೋಯ್ತು, ಈಗ ಅದೂ ಇಲ್ಲ. ಕುರಿಗಳೂ ನನ್ನ ಮಾತು ಕೇಳ್ತವೆ. ಬೆಟ್ಟದಿಂದ ಇಳ್ದು ಬಂದ್ಮೇಲೆ ಮತ್ತೆ ಒಲೆ ಮುಂದೆ ಕುಂತು ಇಟ್ಟು ತೊಳುಸ್ಬೇಕಲ್ಲ, ಅದು ಬಾರ. ನೀನು ಒಂದಿನ ಕೇಳಿದ್ದೀಯಾ?"

ಇಟ್ಟು ಎಂದರೆ ಆ ಕಡೆ ಮುದ್ದೆ, ತೊಳಸುವುದೆಂದರೆ ಅದನ್ನು ಕೋಲಿನಿಂದ ತಿರುವುವುದು. ಬೀರಯ್ಯ ಕಣ್ಣು ತೆರೆದು ಅವಳನ್ನು ನೋಡಿದ. ಆಂಬುಲೆನ್ಸಿನಿಂದ ಇಳಿಸಿದಾಗಲೂ ಇರದಿದ್ದ ಒಂದು ಅವಮಾನ ಆಗ ಅವನ ಮುಖದಲ್ಲಿತ್ತು. "ನೀನ್ಯಾಕೆ ಯೋಳ್ನಿಲ್ಲ?" ಎಂದ ಮೆಲ್ಲಗೆ.

"ಉಸ್ರು ಬುಡಾಕೇ ಆಗದೋನ್ಗೆ ಏನಂತ ಯೋಳಾನ?"

ನಾವು ಹೊರಗೆ ಬಂದ ಮೇಲೆ ಡಾಕ್ಟರು ಕಾರಿಡಾರಿನಲ್ಲಿ ನಿಂತು ಕೇಳಿದರು. "ಮುದ್ದೆ ತಿರುವೋದಕ್ಕೆ ಎಷ್ಟು ಶಕ್ತಿ ಬೇಕು?"

"ಬೇಕಾದಷ್ಟು ಸಾರ್. ತೋಳು, ಹೆಗಲು, ಸೊಂಟ, ಎಲ್ಲಾ."

"ಸೌದೆ ಒಲೆ ಬೇಡ, ಹೊಗೆ ಆಗೋಲ್ಲ. ಗ್ಯಾಸ್ ಇದ್ದರೆ ಕಲಿಸಿ" ಎಂದು ಹೇಳಿ ಹೋದರು.

ಉಸಿರು ಸಾಲದವರಿಗೆ ಕಾಲಿನ ಕೆಲಸಕ್ಕಿಂತ ಕೈಯ ಕೆಲಸ ಕಷ್ಟ. ಇದು ಅನುಭವವಿಲ್ಲದವರಿಗೆ ತಿಳಿಯುವುದಿಲ್ಲ. ಬಟ್ಟೆ ಒಣಗಿಹಾಕುವುದು, ತಲೆ ಬಾಚುವುದು, ಅಟ್ಟದಿಂದ ಪಾತ್ರೆ ತೆಗೆಯುವುದು, ಇವೇ ಅವರನ್ನು ಬೇಗ ಸುಸ್ತು ಮಾಡುತ್ತವೆ. ಉಸಿರೆಳೆಯಲು ಆಸರೆಯಾಗುವ ಹೆಗಲ ಮಾಂಸಖಂಡಗಳೇ ಆಗ ಬೇರೆ ಕೆಲಸಕ್ಕೆ ಹೋಗಿರುತ್ತವೆ. ನಾವು ಅಲ್ಲಿಯವರೆಗೆ ಬರೀ ನಡಿಗೆಯ ಹಿಂದೆ ಬಿದ್ದಿದ್ದೆವು. ಮರುವಾರ ನಾನು ಮನೆಯಿಂದ ಮುದ್ದೆ ಕೋಲು ತಂದೆ. ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ಮೇಜಿನ ಮೇಲಿಟ್ಟು, ಕೋಲು ಅವನ ಕೈಗೆ ಕೊಟ್ಟೆ.

"ಕೋಲು ಒತ್ತುವಾಗ ಉಸಿರು ಬಿಡಿ. ಎಳೆದುಕೊಳ್ಳುವಾಗ ಕೋಲು ಸಡಿಲ ಬಿಡಿ. ಉಸಿರು ಹಿಡಿದುಕೊಂಡು ಮಾತ್ರ ಒತ್ತಬೇಡಿ."

ಗುಂಪಿನವರೆಲ್ಲ ನೋಡುತ್ತಿದ್ದರು. ಬೀರಯ್ಯನಿಗೆ ನಾಚಿಕೆ. ನಸೀಮಾ ಎದ್ದು ಬಂದು, "ಗೌಡ್ರೇ, ಕೊಡಿ ಇಲ್ಲಿ, ನಾನೂ ಕಲೀತೀನಿ. ನಮ್ಮನೇಲಿ ಮುದ್ದೆ ಮಾಡಿದ್ರೆ ಬರೀ ಗಂಟು" ಎಂದರು. ಆ ಮೇಲೆ ನಾಚಿಕೆ ಹೋಯಿತು. ಒಬ್ಬರಾದ ಮೇಲೊಬ್ಬರು ಮರಳು ತಿರುವಿದರು. ನನ್ನ ಕೋಣೆಯ ಹಳೆಯ ಸೈಕಲ್ಲನ್ನು ಅಷ್ಟು ಆಸೆಯಿಂದ ಯಾರೂ ತುಳಿದಿರಲಿಲ್ಲ.

ಬೀರಯ್ಯ ಮನೆಯಲ್ಲಿ ಮೊದಲು ಮಾಡಿದ ಮುದ್ದೆ ಒಳಗೆ ಹಿಟ್ಟು ಹಿಟ್ಟಾಗಿ ಇತ್ತಂತೆ. ಕೆಂಪಯ್ಯ ತಿನ್ನಲಾರದೆ, "ಇದೇನಣ್ಣ, ಗೋಲಿ ಆಡಕ್ಕೆ ಮಾಡ್ದೇನು?" ಎಂದನಂತೆ. ಸಾಕಮ್ಮ ಮಾತಿಲ್ಲದೆ ಉಂಡಳಂತೆ. ಬೀರಯ್ಯ ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ಎಸರು ಎಷ್ಟು ಕುದಿಯಬೇಕು, ಹಿಟ್ಟು ಯಾವಾಗ ಹಾಕಬೇಕು, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು. ಮುದ್ದೆಯಾದ ಮೇಲೆ ಸೊಪ್ಪಿನ ಸಾರು. ಆಮೇಲೆ ಮರಿಗಳಿಗೆ ಔಷಧಿ ಕುಡಿಸುವುದು, ಗೊರಸು ನೋಡುವುದು, ಕುರಿ ಕೊಳ್ಳಲು ಬಂದವರ ಹತ್ತಿರ ಮಾತಾಡುವುದು. ದೊಡ್ಡಿಯ ಕೆಲಸವೆಲ್ಲ ಅವನದಾಯಿತು, ಬೆಟ್ಟ ಸಾಕಮ್ಮನದಾಯಿತು. ಕುರಿ ಮಾರುವ ಮಾತನ್ನು ಕೆಂಪಯ್ಯ ಮತ್ತೆ ಎತ್ತಲಿಲ್ಲ. ಊರಿನ ಮಾತು ಏನಾಯಿತೆಂದು ಕೇಳಿದೆ. "ಅವ್ರಿಗೆ ಬೇರೆ ಇಷ್ಯ ಸಿಕ್ತು ಕಣವ್ವ" ಎಂದ.

ಎಲ್ಲರ ಕಥೆಯೂ ಹೀಗೆ ಆಗಲಿಲ್ಲ. ನಮ್ಮ ಗುಂಪಿಗೆ ಕನಕಪುರದಿಂದ ಬರುತ್ತಿದ್ದ ದರ್ಜಿಯೊಬ್ಬರಿದ್ದರು. ಬೀರಯ್ಯನಿಗೆ ಮಾಡಿದ್ದನ್ನೆಲ್ಲ ಅವರಿಗೂ ಮಾಡಿದೆವು. ಮೂಗಿನ ಕೊಳವೆಯನ್ನು ಕೊನೆಯವರೆಗೂ ಬಿಡಿಸಲಾಗಲಿಲ್ಲ. ಒಂದು ಚಳಿಗಾಲದಲ್ಲಿ ಮತ್ತೆ ಕಫ ಕಟ್ಟಿ ತೀರಿಕೊಂಡರು. ಅವರ ಶ್ರಮವೇನೂ ಕಡಿಮೆಯಿರಲಿಲ್ಲ, ನಮ್ಮದೂ ಕಡಿಮೆಯಿರಲಿಲ್ಲ. ಪ್ರಯತ್ನಪಟ್ಟವರೆಲ್ಲ ಗುಣವಾಗುತ್ತಾರೆಂದು ರೋಗಿಗಳಿಗೆ ಹೇಳಬೇಡಿ. ಗುಣವಾಗದವರಿಗೆ ತಾವೇ ಸೋತೆವೆನ್ನಿಸುತ್ತದೆ. ನಸೀಮಾ ಪೂರ್ತಿ ಚೇತರಿಸಿಕೊಂಡರು. ತಡವಾಯಿತು, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಮೊದಲು ಕೂತು ಪಾಠ ಮಾಡಿದರು, ಆಮೇಲೆ ನಿಂತು. ಈಗ ಮಕ್ಕಳನ್ನು ಗದರಿಸಿದರೆ ಪಕ್ಕದ ಕ್ಲಾಸಿಗೂ ಕೇಳುತ್ತದಂತೆ.

ನಿವೃತ್ತಿಯಾದ ಮೇಲೆ ಈಚೆಗೆ ಮಾಗಡಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಇಷ್ಟು ದೂರ ಬಂದಿದ್ದೇನಲ್ಲ ಎಂದು ಬೀರಯ್ಯನ ಊರಿಗೂ ಹೋದೆ. ಸಂಜೆಯಾಗಿತ್ತು. ಅವನು ದೊಡ್ಡಿಯ ಬಳಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ತಲೆ ಇನ್ನಷ್ಟು ಬೆಳ್ಳಗಾಗಿತ್ತು, ಮೈ ತುಂಬಿತ್ತು. "ಬರ್ರವ್ವ, ಬರ್ರಿ. ಉಂಡ್ಕಂಡೇ ಓಗ್ಬೇಕು" ಎಂದು ಒಳಗೆ ಕರೆದ. ಮದುವೆಯ ಊಟ ಇನ್ನೂ ಅರಗಿಲ್ಲ ಎಂದರೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕುರಿಗಳ ದೂಳೆದ್ದಿತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಸಾಕಮ್ಮ ಬಂದಳು. ನನ್ನನ್ನು ನೋಡಿ ಕೋಲು ಎಸೆದು ಕೈ ಹಿಡಿದುಕೊಂಡಳು.

ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ಸಾಕಮ್ಮ, ಕೆಂಪಯ್ಯ, ಅವನ ಹೆಂಡತಿ, ನಾನು. ಅಡುಗೆಮನೆಯಲ್ಲಿ ಬೀರಯ್ಯ ಮುದ್ದೆ ಕಟ್ಟುತ್ತಿದ್ದ. ಆ ದಿನ ಮರಿಯೊಂದು ಪೊದೆಯೊಳಗೆ ಸಿಕ್ಕಿಕೊಂಡದ್ದನ್ನು ಸಾಕಮ್ಮ ಕೈ ಬೀಸಿ ಬೀಸಿ ಹೇಳುತ್ತಿದ್ದಳು, ಕೆಂಪಯ್ಯ ನಗುತ್ತಿದ್ದ. ಬೀರಯ್ಯ ಮುದ್ದೆಯ ತಟ್ಟೆ ಹಿಡಿದು ಹೊಸಿಲು ದಾಟಿದವನು ಅಲ್ಲೇ ನಿಂತ. ಒಂದು ಕೈ ಗೋಡೆಗೆ ಕೊಟ್ಟ. ಎದೆ ಮೇಲೆ ಕೆಳಗೆ ಆಗುತ್ತಿತ್ತು.

ನಾನು ಹಳೆಯ ರೂಢಿಯಿಂದ ಅರ್ಧ ಎದ್ದೆ. ಬೇರೆ ಯಾರೂ ತಲೆ ಎತ್ತಲಿಲ್ಲ. ಕೆಂಪಯ್ಯ ಉಪ್ಪಿಗೆ ಕೈ ಚಾಚಿದ. ಸಾಕಮ್ಮ ಮರಿಯ ಕಥೆ ಹೇಳುತ್ತಲೇ ತನ್ನ ತಟ್ಟೆಯನ್ನು ಮುಂದಕ್ಕೆ ತಳ್ಳಿ ಇಟ್ಟಳು, ಗಂಡನ ಕಡೆ ನೋಡಲೂ ಇಲ್ಲ. ಬೀರಯ್ಯ ತನಗೆ ಬೇಕಾದಷ್ಟು ಹೊತ್ತು ನಿಂತು, ಗೋಡೆಯಿಂದ ಕೈ ತೆಗೆದು ಬಂದು, ಮೊದಲ ಮುದ್ದೆಯನ್ನು ಅವಳ ತಟ್ಟೆಗೆ ಇಟ್ಟ.

"ಆಮೇಲೇನಾಯ್ತು, ಮರಿ ಸಿಕ್ತಾ?" ಎಂದು ಕೇಳಿದ.

ನಾನು ಮತ್ತೆ ಕೂತು ನನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.